ಬೈದವನೇ ಅಧಿಕಾರಿ

ಸೀಲಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹುಟ್ಟು-ಸಾವಿನ ದಾಖಲೆ ಕೊಡುವ ಕಚೇರಿಯಲ್ಲಿ, ಕಿಟಕಿಯ ಹಿಂದೆ ಕೂತು, ಸರ್ವೀಸಿನ ಉದ್ದಕ್ಕೂ ಕಾಗದಗಳ ಮೇಲೆ ಸೀಲು ಗುದ್ದಿ ಗುದ್ದಿ ಸಂಪಾದಿಸಿಕೊಂಡ ಹೆಸರು. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಕರೆದರು. ಮಗು ಹುಟ್ಟಿ ಓಡಾಡುತ್ತಿದ್ದರೂ ಸೀಲಮ್ಮ ಒಪ್ಪುವ ತನಕ ಹುಟ್ಟಿದ ಹಾಗಲ್ಲ, ಅಜ್ಜ ಮಣ್ಣಾಗಿದ್ದರೂ ಸೀಲಮ್ಮ ಗುದ್ದುವ ತನಕ ಸತ್ತ ಹಾಗಲ್ಲ ಎಂದು ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಅದು ಆಕೆಗೆ ಕೇಳಿಸುತ್ತಿತ್ತು. ಕೇಳಿಸಿದ ದಿನ ಸಾಲು ಇನ್ನಷ್ಟು ನಿಧಾನವಾಗುತ್ತಿತ್ತು.

ಲಂಚ ಮುಟ್ಟಿದವಳಲ್ಲ, ಅದನ್ನು ಒಪ್ಪಬೇಕು. ಆದರೆ ಲಂಚ ಮುಟ್ಟದವರಲ್ಲಿ ಕೆಲವರಿಗೆ ಒಂದು ಕೊಬ್ಬು ಇರುತ್ತದೆ ನೋಡಿ, ಕೈ ಶುದ್ಧವಾಗಿದ್ದರೆ ಬಾಯಿ ಹೇಗಿದ್ದರೂ ನಡೆಯುತ್ತದೆ ಎನ್ನುವ ಕೊಬ್ಬು, ಅದು ಆಕೆಗೆ ಧಾರಾಳವಾಗಿತ್ತು. “ಕೇಳಿದ್ದಕ್ಕಷ್ಟೇ ಉತ್ತರ ಕೊಡಿ.” “ಗೆರೆ ಹಿಂದೆ ನಿಂತ್ಕೊಳ್ಳಿ.” “ಬೋರ್ಡ್ ಹಾಕಿದೆ, ಓದೋಕೆ ಬರಲ್ವಾ?” ಇಷ್ಟರಲ್ಲೇ ಆಕೆಯ ದಿನದ ಮಾತೆಲ್ಲ ಮುಗಿಯುತ್ತಿತ್ತು. ಎಳೆಗೂಸು ಎತ್ತಿಕೊಂಡು ಬಂದ ಬಾಣಂತಿಗೂ ಅದೇ, ಗಂಡನನ್ನು ಕಳೆದುಕೊಂಡು ಕಣ್ಣೊರೆಸಿಕೊಳ್ಳುತ್ತ ಬಂದವಳಿಗೂ ಅದೇ. ಊಟದ ಹೊತ್ತಾದರೆ ಆ ಮಾತೂ ಇಲ್ಲ. ಕಿಟಕಿಯ ಮರದ ಪಟ್ಟಿ ಧಡ್ ಎಂದು ಕೆಳಗಿಳಿಯುತ್ತಿತ್ತು. ಒಮ್ಮೆ ಮೇಲಧಿಕಾರಿಯ ಬೆರಳೇ ಆ ಪಟ್ಟಿಯ ಕೆಳಗೆ ಸಿಕ್ಕಿ ಜಜ್ಜಿಹೋಯಿತು. ಆತ ಕೂಗಿಕೊಂಡ. ಸೀಲಮ್ಮ ಡಬ್ಬಿ ಬಿಚ್ಚಿ ಊಟಕ್ಕೆ ಕೂತಳು.

ನಿವೃತ್ತಿಯಾದ ಮೇಲೆ ಕಿಟಕಿ ಹೋಯಿತು, ಗತ್ತು ಹೋಗಲಿಲ್ಲ. ಗಂಡ ಆಗಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಆಕೆಯ ದರ್ಬಾರಿಗೆ ಸಿಕ್ಕವಳು ಒಬ್ಬಳೇ, ಗಂಡನ ತಂಗಿ. ಈ ನಾದಿನಿ ಮದುವೆಯ ಗೊಡವೆಗೆ ಹೋಗದೆ ಹೊಲಿಗೆ ಯಂತ್ರವನ್ನು ನಂಬಿ ಬದುಕಿದವಳು. ಹಜಾರದ ಕಿಟಕಿಯ ಪಕ್ಕ ಅವಳ ಯಂತ್ರ. ಅದರ ಸುತ್ತ ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ, ಅರ್ಧ ಬಿಚ್ಚಿದ ಹಳೇ ಪ್ಯಾಂಟು. ನೆಲದ ಮೇಲೆ ಒಂದು ದಾರದ ತುಂಡು ಕಂಡರೂ ಸೀಲಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಯಾರದೋ ಮೇಲಿನ ಆಪಾದನೆ ಓದುವ ಧಾಟಿಯಲ್ಲಿ “ಇದೇನು?” ಎನ್ನುತ್ತಿದ್ದಳು. “ದಾರ,” ಎನ್ನುತ್ತಿದ್ದಳು ನಾದಿನಿ. “ದಾರ ಅಂತ ನನಗೂ ಕಾಣತ್ತೆ.” ಇಂಥ ಮಾತಿನಿಂದ ಶುರುವಾದ ಜಗಳ ದೀಪ ಆರಿಸುವ ತನಕ ನಡೆಯುತ್ತಿತ್ತು. ಇಬ್ಬರ ನಡುವೆ ಪ್ರೀತಿ ಇತ್ತೇ ಎಂದು ನನ್ನನ್ನು ಕೇಳಬೇಡಿ. ಅಭ್ಯಾಸ ಇತ್ತು.

ಒಂದು ಸಲ ನಾದಿನಿ ಮೋಸ ಹೋದಳು. ಸೀಲಮ್ಮ ಪಿಂಚಣಿಯ ಕೆಲಸಕ್ಕೆಂದು ಹೊರಗೆ ಹೋಗಿದ್ದಾಗ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಬಾಗಿಲು ಬಡಿದ. ನೀರಿನ ಇಲಾಖೆಯವನು ಎಂದ. ನಲ್ಲಿಯ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು, ಏನೋ ಎರಡು ಹನಿ ಬಿಟ್ಟು, ನೀರು ಕೆಂಪಾದದ್ದನ್ನು ತೋರಿಸಿದ. ವಿಷ, ಎಂದ. ಇವತ್ತೇ ಈ ಯಂತ್ರ ಕೂರಿಸಿದರೆ ಅರ್ಧ ಬೆಲೆ, ನಾಳೆಯಾದರೆ ಪೂರ್ತಿ ಬೆಲೆ ಎಂದ. ನಾದಿನಿ ಮನೆಯಲ್ಲಿದ್ದ ಹೊಲಿಗೆಯ ದುಡ್ಡೆಲ್ಲ ಬಳಿದು ಅವನ ಕೈಗಿಟ್ಟಳು. ಅವನು ನಲ್ಲಿಗೆ ಸಿಕ್ಕಿಸಿ ಹೋದದ್ದು ಒಳಗೆ ಹತ್ತಿ ತುರುಕಿದ ಒಂದು ಪ್ಲಾಸ್ಟಿಕ್ ಡಬ್ಬಿ. ಆ ಹನಿ ಬಿಟ್ಟರೆ ಯಾವ ನೀರಾದರೂ ಕೆಂಪಾಗುತ್ತಿತ್ತು ಎನ್ನುವುದು ಆಮೇಲೆ ತಿಳಿದ ವಿಷಯ.

ಸೀಲಮ್ಮ ಅದನ್ನು ಬಿಡುವ ಪೈಕಿಯೇ? ಆ ಡಬ್ಬಿಯನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಳು. ಮೇಲಿನವರು ಇಳಿಯುವಾಗ, ಕೆಳಗಿನವರು ಹತ್ತುವಾಗ, ಎಲ್ಲರಿಗೂ ಪ್ರದರ್ಶನ. “ನೋಡಿ, ನಮ್ಮನೆ ದಡ್ಡಿ ವಿಷ ತೆಗೆಸಿದ್ದಾಳೆ. ಹತ್ತಿಗೆ ಇಷ್ಟು ಬೆಲೆ ಕೊಟ್ಟೋರು ಎಲ್ಲಾದ್ರೂ ಇದ್ದಾರಾ?” ಜನ ನಕ್ಕರು. ಬಾಗಿಲ ಹಿಂದೆ ನಿಂತಿದ್ದ ನಾದಿನಿ ಆ ನಗುವನ್ನೆಲ್ಲ ಕೇಳಿಸಿಕೊಂಡಳು. ಎಷ್ಟೋ ತಿಂಗಳು ಮೆಟ್ಟಿಲಲ್ಲಿ ಸಿಕ್ಕವರು ಅವಳನ್ನು “ನೀರು ಹೇಗಿದೆ?” ಎಂದೇ ಮಾತಾಡಿಸಿದರು. ಮೋಸ ಮಾಡಿದವನು ಯಾವುದೋ ಊರಲ್ಲಿ ಹಾಯಾಗಿದ್ದ. ಮೋಸ ಹೋದವಳು ಹಾಲು ತರುವುದಕ್ಕೂ ಜನ ಇಲ್ಲದ ಹೊತ್ತು ನೋಡಿ ಇಳಿಯುತ್ತಿದ್ದಳು. ನನ್ನನ್ನು ಕೇಳಿದರೆ, ನನಗೆ ಆ ಕಳ್ಳನ ಮೇಲೆ ಬರುವಷ್ಟೇ ಕೋಪ ಆ ಮೆಟ್ಟಿಲ ಮೇಲೆ ನಕ್ಕವರ ಮೇಲೂ ಬರುತ್ತದೆ.

ಅದಾದ ಮೇಲೆ ನಾದಿನಿಯ ದುಡ್ಡನ್ನೆಲ್ಲ ಸೀಲಮ್ಮ ತನ್ನ ಖಾತೆಗೆ ಹಾಕಿಸಿಕೊಂಡಳು. ತಾಯಿಯ ಮನೆ ಮಾರಿದಾಗ ಬಂದ ಪಾಲು, ಹೊಲಿದು ಹೊಲಿದು ಉಳಿಸಿದ್ದು, ಎಲ್ಲ. “ನಿನ್ನ ಹತ್ರ ಇದ್ರೆ ನಾಳೆ ಇನ್ನೊಬ್ಬ ಬಂದು ಗಾಳಿ ಶುದ್ಧ ಮಾಡ್ತೀನಿ ಅಂತಾನೆ. ನನ್ನ ಖಾತೆಗೆ ಕೈ ಹಾಕೋ ಗಂಡು ಇನ್ನೂ ಹುಟ್ಟಿಲ್ಲ,” ಎಂದಳು. ನಾದಿನಿ ಎದುರಾಡಲಿಲ್ಲ. ಅತ್ತಿಗೆಯ ನಾಲಿಗೆಯ ಬಗ್ಗೆ ಅವಳಿಗೆ ಎಷ್ಟು ದ್ವೇಷ ಇದ್ದರೂ ಅತ್ತಿಗೆಯ ಕೈಯ ಬಗ್ಗೆ ಅನುಮಾನ ಇರಲಿಲ್ಲ. ಆ ದುಡ್ಡು ಸುಮ್ಮನೆ ಇಟ್ಟದ್ದೂ ಅಲ್ಲ. ನಾದಿನಿಯ ಬಲಗಣ್ಣು ಆಗಲೇ ಮಂಜಾಗಿತ್ತು, ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಸೂಜಿಗೆ ದಾರ ಪೋಣಿಸುವಾಗ ಅವಳು ಸೂಜಿಯನ್ನು ಮೂಗಿಗೇ ತಂದು ಹಿಡಿಯುತ್ತಿದ್ದಳು. ಆಪರೇಷನ್ ಮಾಡಿಸದಿದ್ದರೆ ಯಂತ್ರದ ಮುಂದೆ ಕೂರುವ ಕಾಲ ಮುಗಿಯಿತು ಎಂದು ಕಣ್ಣಿನ ಡಾಕ್ಟರು ಹೇಳಿಯಾಗಿತ್ತು, ಆಪರೇಷನ್ನಿನ ದಿನವೂ ನಿಗದಿಯಾಗಿತ್ತು. ಅವಳ ಎರಡು ಕಣ್ಣು, ಅವಳ ಬದುಕು, ಎರಡೂ ಸೀಲಮ್ಮನ ಖಾತೆಯಲ್ಲಿದ್ದವು.

ಆ ಖಾತೆಯನ್ನು ಸೀಲಮ್ಮ ಕಾಯ್ದ ರೀತಿಯೂ ಕಡಿಮೆಯದಲ್ಲ. ಫೋನಿನಲ್ಲಿ ಬರುವ ಕಳ್ಳರೆಂದರೆ ಆಕೆಗೆ ಹಬ್ಬ. ಬಹುಮಾನ ಬಂದಿದೆ ಎಂದು ಒಬ್ಬ ಫೋನ್ ಮಾಡಿದಾಗ, “ನಾನು ಅರ್ಜಿನೇ ಹಾಕಿಲ್ಲವಲ್ಲಪ್ಪ, ಅರ್ಜಿ ಹಾಕಿದೋರಿಗೇ ಏನೂ ಸಿಗಲ್ಲ, ನನಗೆ ಹೇಗೆ ಸಿಕ್ತು?” ಎಂದು ಕೇಳಿ ಬೆವರಿಳಿಸಿದಳು. ಇವತ್ತು ರಾತ್ರಿಯೊಳಗೆ ಕರೆಂಟು ಕಟ್ ಆಗುತ್ತದೆ, ಈ ನಂಬರಿಗೆ ಹಣ ಕಟ್ಟಿ ಎಂದವನಿಗೆ, “ಯಾವ ಇಲಾಖೆಯಪ್ಪ ಅದು, ಇವತ್ತಿನ ಕೆಲಸ ಇವತ್ತೇ ಮಾಡೋದು? ಸುಳ್ಳು ಹೇಳಿದ್ರೂ ನಂಬೋ ಹಾಗಿರಬೇಕು,” ಎಂದಳು. ಬ್ಯಾಂಕಿನಿಂದ ಎಂದು ಹೇಳಿಕೊಂಡ ಒಬ್ಬ ಹುಡುಗಿ ಸಕ್ಕರೆಯಂಥ ದನಿಯಲ್ಲಿ ಓಟಿಪಿ ಕೇಳಿದಳು. “ನಮ್ಮ ಬ್ಯಾಂಕಿನೋರು ಎದುರಿಗೆ ನಿಂತ್ರೂ ಮುಖ ಎತ್ತಿ ನೋಡಲ್ಲ, ನೀನು ಮನೆಗೇ ಫೋನ್ ಮಾಡಿ ಕ್ಷೇಮ ವಿಚಾರಿಸ್ತಿದ್ದೀಯ. ಇಡು ಫೋನು.”

ಇದರಿಂದ ಆಕೆಯ ತಲೆಯಲ್ಲಿ ಒಂದು ಸಿದ್ಧಾಂತ ಗಟ್ಟಿಯಾಯಿತು. ನಯವಾಗಿ ಮಾತಾಡುವವನು ಕಳ್ಳ. ನಿಜವಾದ ಕಚೇರಿ ಗದರುತ್ತದೆ. ಮೆಟ್ಟಿಲ ಮೇಲೆ ನಿಂತು ಅಕ್ಕಪಕ್ಕದವರಿಗೆಲ್ಲ ಇದನ್ನು ಪಾಠ ಮಾಡಿದಳು. “ಬೆಣ್ಣೆ ಹಚ್ಚೋಕೆ ಶುರು ಮಾಡಿದ ಅಂದ್ರೆ ಅಲ್ಲಿಗೇ ಇಟ್ಬಿಡಿ. ಅಧಿಕಾರ ಇದ್ದೋನಿಗೆ ಬೆಣ್ಣೆ ಯಾಕೆ ಬೇಕು?” ಜನ ತಲೆದೂಗಿದರು. ಸುತ್ತಲೂ ಗೋಡೆ ಕಟ್ಟಿಕೊಂಡು ಮುಂಬಾಗಿಲನ್ನು ತೆರೆದಿಟ್ಟಿದ್ದೇನೆ ಎನ್ನುವುದು ಆಕೆಗೆ ಹೊಳೆಯಲೇ ಇಲ್ಲ.

ಆ ಬಾಗಿಲಿಂದ ಬಂದವನು ನಮಸ್ಕಾರ ಹೇಳಲಿಲ್ಲ.

ಬೆಳಗಿನ ಕೆಲಸ ಮುಗಿಸಿ ಸೀಲಮ್ಮ ತನ್ನ ಕೋಣೆಯಲ್ಲಿ ಕೂತಿದ್ದಳು. ಹಜಾರದಲ್ಲಿ ಯಂತ್ರ ಓಡುತ್ತಿತ್ತು. ಫೋನ್ ಎತ್ತುತ್ತಲೇ ಒಂದು ಗಂಡುದನಿ ಆಕೆಯ ಪೂರ್ತಿ ಹೆಸರು, ಮನೆಯ ವಿಳಾಸ ಓದಿತು. “ನೀವೇನಾ?”

“ಹೌದು, ಯಾರು ಮಾತಾಡೋದು?”

“ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಮಧ್ಯೆ ಬಾಯಿ ಹಾಕ್ಬೇಡಿ.”

ಸೀಲಮ್ಮನ ಬೆನ್ನು ತಾನಾಗಿ ನೆಟ್ಟಗಾಯಿತು. ಎಷ್ಟೋ ಕಾಲದ ಮೇಲೆ ಯಾರೋ ಆಕೆಯ ಭಾಷೆಯಲ್ಲಿ ಮಾತಾಡಿದ್ದರು. ಅವನು ಅಪರಾಧ ತನಿಖೆಯ ವಿಭಾಗದವನಂತೆ. ಆಕೆಯ ಗುರುತಿನ ಚೀಟಿ ಇಟ್ಟು ಯಾರೋ ಹೊರದೇಶಕ್ಕೆ ಕಳಿಸಿದ ಪಾರ್ಸೆಲ್ಲಿನಲ್ಲಿ ಮಾದಕ ಪದಾರ್ಥ ಸಿಕ್ಕಿದೆಯಂತೆ. ಆಕೆಯ ಖಾತೆಯ ಮೂಲಕ ಕಳ್ಳ ಹಣ ಓಡಾಡಿದೆಯಂತೆ. “ನನಗೂ ಅದಕ್ಕೂ ಏನೂ ಸಂಬಂಧ ಇಲ್ಲ ಸಾರ್,” ಎಂದಳು. “ಅದನ್ನ ಹೇಳೋದು ನೀವಲ್ಲ, ನಾವು,” ಎಂದ. ಈ ಉತ್ತರವನ್ನು ಸೀಲಮ್ಮ ತನ್ನ ಸರ್ವೀಸಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಕೊಟ್ಟಿದ್ದಳು. ಇವನು ನಿಜವಾದ ಅಧಿಕಾರಿ ಎನ್ನುವುದರಲ್ಲಿ ಆಕೆಗೆ ಆ ಕ್ಷಣದಿಂದ ಸಂಶಯ ಉಳಿಯಲಿಲ್ಲ.

ಆಮೇಲೆ ಅವನು ವೀಡಿಯೊ ಕರೆಗೆ ಬಂದ. ಸಮವಸ್ತ್ರ, ದಪ್ಪ ಮೀಸೆ, ಹಿಂದೆ ನೀಲಿ ಗೋಡೆ, ಗೋಡೆಗೆ ಒತ್ತಿಕೊಂಡು ಫೈಲುಗಳ ಕಪಾಟು. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದ. ನಾದಿನಿ ಇದ್ದಾಳೆ ಎಂದಳು. “ಬಾಗಿಲು ಹಾಕಿ. ವಿಚಾರಣೆ ಮುಗಿಯೋ ತನಕ ಕ್ಯಾಮೆರಾ ಮುಂದಿಂದ ಏಳೋ ಹಾಗಿಲ್ಲ. ಅವರಿಗೆ ಒಂದು ಮಾತು ಹೇಳಿದ್ರೂ ಅವರನ್ನೂ ಆರೋಪಿ ಮಾಡಬೇಕಾಗತ್ತೆ.” ಯಾವ ಪೊಲೀಸರೂ ಫೋನಿನೊಳಗೆ ಯಾರನ್ನೂ ಬಂಧಿಸುವುದಿಲ್ಲ, ಯಾವ ಕಾನೂನೂ ನಿಮ್ಮ ಮನೆಯವರ ಹತ್ತಿರ ಮಾತಾಡಬೇಡಿ ಎನ್ನುವುದಿಲ್ಲ. ಹಾಗೆ ಹೇಳುವವನಿಗೆ ಹೆದರಿಕೆ ಇರುವುದು ಮನೆಯ ಇನ್ನೊಂದು ಜೀವ ಬಂದು “ಇದೇನು ತಮಾಷೆ?” ಎಂದುಬಿಟ್ಟರೆ ತನ್ನ ಆಟ ಮುಗಿಯಿತಲ್ಲ ಎಂದು. ಇಷ್ಟು ಸಣ್ಣ ವಿಷಯ ಸೀಲಮ್ಮನಿಗೆ ತಿಳಿಯಬೇಕಿತ್ತು. ಎದ್ದು ಹೋಗಿ ಬಾಗಿಲ ಚಿಲಕ ಹಾಕಿದಳು.

“ನಿಮ್ಮ ಖಾತೆಯಲ್ಲಿರೋ ಹಣ ಪೂರ್ತಿ ನಿಮ್ಮದೇನಾ?”

ಆಕೆ ಸ್ವಲ್ಪ ತಡವರಿಸಿದಳು.

“ಸುಳ್ಳು ಹೇಳ್ಬೇಡಿ. ಬೇರೆಯವರ ಹಣ ಇದೆ. ನಮಗೆಲ್ಲ ಗೊತ್ತಿದೆ.”

ನಾದಿನಿಯ ದುಡ್ಡು ತನ್ನ ಖಾತೆಯಲ್ಲಿದೆ ಎನ್ನುವುದು ಆ ಎರಡು ಕೋಣೆಯ ಆಚೆ ಯಾರಿಗೂ ಗೊತ್ತಿರಲಿಲ್ಲ. ಸರ್ಕಾರಕ್ಕಲ್ಲದೆ ಇನ್ಯಾರಿಗೆ ಗೊತ್ತಾಗಲು ಸಾಧ್ಯ? ಸೀಲಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಎಷ್ಟು ತನ್ನದು, ಎಷ್ಟು ನಾದಿನಿಯದು. ಹೇಳುವಾಗ ಒಂದು ಬಗೆಯ ಹೆಮ್ಮೆಯೂ ಇತ್ತು. ಅಧಿಕಾರಿಯ ಮುಂದೆ ಲೆಕ್ಕ ಸರಿಯಾಗಿ ಒಪ್ಪಿಸಿದ ಹೆಮ್ಮೆ.

“ಮೊದಲು ಆ ಬೇರೆಯವರ ಹಣವನ್ನ ಸರ್ಕಾರದ ಸುರಕ್ಷಿತ ಖಾತೆಗೆ ಹಾಕಿ. ಪರಿಶೀಲನೆ ಆದ್ಮೇಲೆ ವಾಪಸ್ ಬರತ್ತೆ. ಆಮೇಲೆ ನಿಮ್ಮದು ನೋಡೋಣ.”

ನಡುವೆ ಒಮ್ಮೆ ಬಾಗಿಲು ಸದ್ದಾಯಿತು. “ಅತ್ತಿಗೆ, ಯಾರ ಹತ್ರ ಮಾತಾಡ್ತಿದ್ದೀರಿ? ಬಾಗಿಲು ಯಾಕೆ ಹಾಕ್ಕೊಂಡಿದ್ದೀರಿ?”

“ನಿನ್ನ ಕೆಲಸ ನೀನು ನೋಡ್ಕೋ!” ಎಂದು ಕೂಗಿದಳು ಸೀಲಮ್ಮ. ನಾದಿನಿ ಹೋಗಿ ತನ್ನ ಕೆಲಸ ನೋಡಿಕೊಂಡಳು. ಯಂತ್ರ ಮತ್ತೆ ಓಡತೊಡಗಿತು. ಆ ಸದ್ದು ಕೇಳುತ್ತಲೇ ಸೀಲಮ್ಮ ಫೋನಿನಲ್ಲೇ ಠೇವಣಿ ಮುರಿದಳು, ಅವನು ಹೇಳಿದ ಅಂಕಿಗಳನ್ನು ಒತ್ತಿದಳು, ನಾದಿನಿಯ ಎರಡು ಕಣ್ಣನ್ನು ತನ್ನ ಕೈಯಾರೆ ಅವನಿಗೆ ಕಳಿಸಿಕೊಟ್ಟಳು.

ಅವನು “ಹ್ಞೂಂ” ಎಂದ. ಈಗ ಆಕೆಯ ಸ್ವಂತ ಹಣದ ಸರದಿ. ಅಷ್ಟರಲ್ಲಿ ಊಟದ ಹೊತ್ತಾಯಿತು. ಗೋಡೆಯ ಗಡಿಯಾರ ನೋಡಿದ ಸೀಲಮ್ಮ, ಅಧಿಕಾರಿಗೆ ಕೊಡಬೇಕಾದ ಮರ್ಯಾದೆ ಕೊಟ್ಟಳು. “ಸಾರ್, ಊಟದ ಹೊತ್ತು. ನೀವು ಹೋಗಿ ಬನ್ನಿ. ನಾನು ಇಲ್ಲೇ ಕೂತಿರ್ತೀನಿ, ಏಳಲ್ಲ.”

ಅವನಿಗೆ ಅಲ್ಲಿಯ ತನಕ ಎಲ್ಲ ಸಲೀಸಾಗಿ ನಡೆದಿತ್ತು. ಅರ್ಧ ಗೆದ್ದ ಖುಷಿಯಲ್ಲಿ ದನಿ ಸ್ವಲ್ಪ ಸಡಿಲವಾಯಿತು. “ಪರವಾಗಿಲ್ಲಮ್ಮ. ನಿಮ್ಮ ಕೆಲಸ ಮುಗಿಸಿಕೊಟ್ಟೇ ಊಟಕ್ಕೆ ಹೋಗ್ತೀನಿ.”

ಸೀಲಮ್ಮ ಅವನ ಮುಖವನ್ನೇ ನೋಡಿದಳು. ಇಂಥ ಮಾತನ್ನು ಆಕೆ ಯಾವ ಕಚೇರಿಯ ಯಾವ ಮೇಜಿನ ಹಿಂದಿನಿಂದಲೂ ಕೇಳಿರಲಿಲ್ಲ. ತಾನಂತೂ ಆಡಿರಲಿಲ್ಲ. ಸಾಲಿನಲ್ಲಿ ಒಬ್ಬ ಮುದುಕ ತಲೆಸುತ್ತಿ ಬಿದ್ದ ದಿನವೂ ಕಿಟಕಿಯ ಪಟ್ಟಿ ಇಳಿಸಿಯೇ ಊಟಕ್ಕೆ ಹೋಗಿದ್ದಳು. ಈಗ ಆಕೆಯ ಕಣ್ಣು ಅವನ ಹಿಂದಿನ ಕಪಾಟಿಗೆ ಹೋಯಿತು. ಫೈಲುಗಳೆಲ್ಲ ಒಂದೇ ಅಳತೆ, ಒಂದೇ ಬಣ್ಣ. ಒಂದರಿಂದಲೂ ಒಂದು ಕಾಗದ ಹೊರಗೆ ನಾಲಿಗೆ ಚಾಚಿರಲಿಲ್ಲ. ಅವನ್ನು ಯಾರೂ ಯಾವತ್ತೂ ತೆರೆದಿಲ್ಲ.

“ನೀನು ಯಾವೋನೋ?” ಎಂದಳು.

“ಏನಂದ್ರಿ?”

“ಯಾವೋನೋ ನೀನು, ಊಟ ಬಿಟ್ಟು ಕೆಲಸ ಮಾಡೋ ಕಳ್ಳನನ್ನ ತಂದು! ನಿನ್ನ ಕೈ ಸೇದಿ ಹೋಗ!”

ಅವನು ಕೂಗಾಡಿದ, ಈಗಲೇ ಜೀಪು ಕಳಿಸುತ್ತೇನೆ ಎಂದ. ಆಕೆ ಕರೆ ಕತ್ತರಿಸಿದಳು. ಮತ್ತೆ ಮಾಡಿದ, ಮತ್ತೆ ಕತ್ತರಿಸಿದಳು. ಫೋನು ಹಾಸಿಗೆಯ ಮೇಲೆ ಮಿಡುಕುತ್ತಲೇ ಇತ್ತು.

ಕಳ್ಳನನ್ನು ಗುರುತಿಸಿದೆ ಎನ್ನುವ ಸಂತೋಷ ಆ ಫೋನು ಸುಮ್ಮನಾಗುವ ತನಕವೂ ಉಳಿಯಲಿಲ್ಲ. ನಾದಿನಿಯ ದುಡ್ಡು ಹೋಗಿತ್ತು. ತನ್ನದು ಒಂದಿಷ್ಟೂ ಹೋಗಿರಲಿಲ್ಲ. ಇದು ಇನ್ನೂ ಕೆಟ್ಟದ್ದು. ಕೂತಲ್ಲೇ ಒಂದು ದಾರಿ ಹೊಳೆಯಿತು, ಹೇಡಿಗಳಿಗೆ ಮೊದಲು ಹೊಳೆಯುವ ದಾರಿ. ಸುಮ್ಮನಿದ್ದುಬಿಡುವುದು. ತನ್ನ ಹಣದಿಂದ ಆಪರೇಷನ್ ಮಾಡಿಸಿಬಿಡುವುದು. ಮುಂದೆ ತನ್ನ ಮುಪ್ಪು ಹೇಗೋ ಆಗಲಿ. ನಾದಿನಿಗೆ ಯಾವತ್ತೂ ಗೊತ್ತಾಗುವುದಿಲ್ಲ, ಮೆಟ್ಟಿಲ ಮೇಲಿನವರಿಗೆ ಅಂತೂ ಗೊತ್ತಾಗುವುದೇ ಇಲ್ಲ. ಸೀಲಮ್ಮನೇ ಟೋಪಿ ಹಾಕಿಸಿಕೊಂಡಳಂತೆ ಎಂದು ಮೇಲಿನವರು ಕೆಳಗಿನವರಿಗೆ ಹೇಳುವುದನ್ನು ಆಕೆ ಈಗಲೇ ಕಿವಿಯಾರೆ ಕೇಳುತ್ತಿದ್ದಳು. ಅದಕ್ಕಿಂತ ಸಾಯುವುದು ವಾಸಿ ಅನ್ನಿಸಿತು.

ಆದರೆ ಬ್ಯಾಂಕಿನ ಗೋಡೆಗೆ ಅಂಟಿಸಿದ್ದನ್ನು ಆಕೆ ಓದಿದ್ದಳು. ಇಂಥದ್ದು ಆದರೆ ಕೂಡಲೇ ಫೋನ್ ಮಾಡಬೇಕು, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಯಲು ಆಗಬಹುದು, ತಡವಾದಷ್ಟೂ ಕಷ್ಟ. ಅಂದರೆ ಆಕೆ ಮಾನ ಉಳಿಸಿಕೊಳ್ಳಲು ಹೀಗೆ ಕೂತಿರುವ ಪ್ರತಿ ಕ್ಷಣವೂ ಅವನಿಗೆ ಲಾಭ. ನಾಚಿಕೆ ಇದೆಯಲ್ಲ, ಆ ಕಳ್ಳನಿಗೆ ಅದರಷ್ಟು ನಿಯತ್ತಿನ ಆಳು ಇನ್ನೊಬ್ಬನಿಲ್ಲ. ಸಂಬಳ ಕೇಳುವುದಿಲ್ಲ, ಬಾಯಿ ಬಿಡುವುದಿಲ್ಲ, ಅವನು ಊರು ದಾಟುವ ತನಕ ಬಾಗಿಲು ಕಾಯುತ್ತದೆ. ದೂರು ಕೊಟ್ಟರೆ ನಾದಿನಿಗೆ ತಿಳಿಯದೆ ಇರುವುದಿಲ್ಲ, ದುಡ್ಡು ಅವಳದು. ಸೀಲಮ್ಮ ಎದ್ದಳು, ಕೂತಳು, ಮತ್ತೆ ಎದ್ದಳು. ಚಿಲಕ ತೆಗೆದಳು.

ನಾದಿನಿ ಒಂದು ಸಮವಸ್ತ್ರದ ತೋಳನ್ನು ಮೂಗಿನ ಹತ್ತಿರ ಹಿಡಿದು ಹೊಲಿಗೆ ನೋಡುತ್ತಿದ್ದಳು.

“ನಿನ್ನ ದುಡ್ಡು ಹೋಯ್ತು ಕಣೇ,” ಎಂದಳು ಸೀಲಮ್ಮ. “ಎಲ್ಲಾ ಹೋಯ್ತು. ನಾನೇ ಕಳಿಸಿದೆ. ಪೊಲೀಸ್ ಅಂದ. ನಂಬಿದೆ.”

ಅವಳು ಕೂಗುತ್ತಾಳೆ, ತಲೆ ಚಚ್ಚಿಕೊಳ್ಳುತ್ತಾಳೆ, ಹಿಡಿ ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದುಕೊಂಡು ಸೀಲಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾದಿನಿಯ ಕೈಯಿಂದ ತೋಳು ಜಾರಿತು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಅವಳು ಕೇಳಿದ್ದು ಬೇರೆಯೇ.

“ಹಿಂದೆ ನೀಲಿ ಗೋಡೆ ಇತ್ತಾ? ಮೀಸೆ ಇತ್ತಾ?”

ಸೀಲಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ನಿನಗೆ ಹೇಗೆ ಗೊತ್ತು?”

“ಹೋದ ವಾರ ನನಗೂ ಮಾಡಿದ್ದ.” ನಾದಿನಿಯ ದನಿ ಯಂತ್ರದ ಕೆಳಗಿನಿಂದ ಬಂದ ಹಾಗಿತ್ತು. “ನೀವು ಹೊರಗೆ ಹೋಗಿದ್ರಿ. ನಿನ್ನ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ, ಜೈಲಿಗೆ ಹಾಕ್ತೀನಿ, ಎಷ್ಟು ದುಡ್ಡಿದೆ ಹೇಳು ಅಂದ. ನನಗೆ ಕೈಕಾಲೇ ಆಡಲಿಲ್ಲ. ನನ್ನ ಹತ್ರ ಏನೂ ಇಲ್ಲಪ್ಪ, ಇರೋದೆಲ್ಲ ಅತ್ತಿಗೆ ಖಾತೆಯಲ್ಲಿದೆ ಅಂದ್ಬಿಟ್ಟೆ. ಅವರ ನಂಬರ್ ಕೊಡು ಅಂದ. ಹೆಸರು ಕೇಳಿದ. ಕೊಟ್ಟೆ. ಫೋನ್ ಇಟ್ಬಿಟ್ಟ. ಮತ್ತೆ ಮಾಡಲೇ ಇಲ್ಲ.”

“ನನ್ನ ನಂಬರ್ ಕೊಟ್ಟು, ನನಗೆ ಒಂದು ಮಾತು ಹೇಳಲಿಲ್ಲ!” ಸೀಲಮ್ಮನ ದನಿ ಹಳೆಯ ಎತ್ತರಕ್ಕೆ ಹೋಯಿತು. “ಒಂದು ಮಾತು ಹೇಳಿದ್ರೆ ಅವನ ಚರ್ಮ ಸುಲಿದು ಕಳಿಸ್ತಿದ್ದೆ. ಏನಾಗಿತ್ತು ನಿನ್ನ ಬಾಯಿಗೆ? ಒಂದು ವಾರ! ಒಂದು ವಾರ ನನ್ನ ಎದುರಿಗೇ ಕೂತು ಉಂಡಿದ್ದೀಯ!”

“ಹೇಳೋಕೆ ಬಂದೆ. ಅಡುಗೆಮನೆ ಬಾಗಿಲ ತನಕ ಬಂದೆ, ಎರಡು ಸಲ ಬಂದೆ. ನೀವು ತಿರುಗಿ ‘ಏನು?’ ಅಂದ್ರಿ. ‘ಏನಿಲ್ಲ’ ಅಂತ ವಾಪಸ್ ಹೋದೆ.”

“ಪೊಲೀಸ್ ಜೈಲಿಗೆ ಹಾಕ್ತಾನೆ ಅಂದ್ರೂ ಹೇಳೋಕಾಗಲಿಲ್ವಾ ನಿನಗೆ?”

ನಾದಿನಿ ತಲೆ ಎತ್ತಿದಳು. ಆ ಮಂಜುಗಣ್ಣುಗಳಲ್ಲಿ ನೀರೂ ಇತ್ತು, ಎಷ್ಟೋ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟೂ ಇತ್ತು.

“ಅವನು ಜೈಲಿಗೆ ಹಾಕ್ತೀನಿ ಅಂದ, ಅಷ್ಟೇ ಅತ್ತಿಗೆ. ನೀವು ಮೆಟ್ಟಿಲ ಮೇಲೆ ನಿಂತ್ಕೊಂಡು ಎಲ್ಲರಿಗೂ ಹೇಳ್ತಿದ್ರಿ.”

ಸೀಲಮ್ಮನಿಗೆ ಹೇಳಲು ಬೇಕಾದಷ್ಟಿತ್ತು. ಎಲ್ಲವೂ ನಾಲಿಗೆಯ ತುದಿಗೆ ಬಂದವು, ದಡ್ಡಿ, ಮೂದೇವಿ, ನನ್ನ ಗಂಡನ ಮನೆತನಕ್ಕೇ ನೀನೊಂದು ಶನಿ. ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಎದುರಿಗಿದ್ದವಳು ಬೈಗುಳಕ್ಕೆ ಸಿದ್ಧಳಾಗಿ, ಭುಜ ಕುಗ್ಗಿಸಿಕೊಂಡು, ಕಣ್ಣು ಮುಚ್ಚಿಯೇ ಕೂತಿದ್ದಳು. ಕಿಟಕಿಯ ಹೊರಗೆ ನಿಂತವರು ಹೀಗೆ ಕುಗ್ಗುವುದನ್ನು ಸೀಲಮ್ಮ ಜೀವಮಾನವೆಲ್ಲ ನೋಡಿದ್ದಳು. ಅದನ್ನು ಮರ್ಯಾದೆ ಎಂದುಕೊಂಡಿದ್ದಳು.

“ನಿನ್ನ ಫೋನ್ ಕೊಡು,” ಎಂದಳು. “ಅವನ ನಂಬರ್ ಅದರಲ್ಲೂ ಇರತ್ತೆ, ದೂರಿಗೆ ಬೇಕಾಗತ್ತೆ.”

ಬ್ಯಾಂಕಿನ ಕಾರ್ಡಿನ ಹಿಂದೆ ಅಚ್ಚಾಗಿದ್ದ ನಂಬರನ್ನು ಅಂಕಿ ಅಂಕಿ ನೋಡಿ ತಾನೇ ಒತ್ತಿದಳು. ಯಾರೋ ಕಳಿಸಿದ ನಂಬರಲ್ಲ, ಯಾರೋ ಫೋನಿನಲ್ಲಿ ಹೇಳಿದ ನಂಬರಲ್ಲ. ಬ್ಯಾಂಕಿನವರು ಖಾತೆಗೆ ಬೀಗ ಹಾಕಿ, ಹಣ ಹೋದ ಕಡೆಗೆ ತಡೆ ಕಳಿಸಿ, ವಂಚನೆಯ ದೂರು ತೆಗೆದುಕೊಳ್ಳುವ ಸರ್ಕಾರಿ ವಿಭಾಗಕ್ಕೆ ದಾಟಿಸಿದರು. ಅಲ್ಲಿ ಎತ್ತಿದ್ದು ಒಬ್ಬ ಹುಡುಗಿ. “ಗಾಬರಿ ಆಗ್ಬೇಡಿ ಅಮ್ಮಾ, ನಿಧಾನಕ್ಕೆ ಹೇಳಿ. ನೀವು ಬೇಗ ಫೋನ್ ಮಾಡಿದ್ದು ಒಳ್ಳೇದಾಯ್ತು,” ಎಂದಳು. ಇಷ್ಟು ಮೃದುವಾದ ದನಿ ಕೇಳುತ್ತಲೇ ಸೀಲಮ್ಮನ ಒಳಗಿನ ಹಳೇ ಕಾವಲುಗಾರ್ತಿ ‘ಕಳ್ಳಿ, ಇಡು ಫೋನು’ ಎಂದಳು. ಸೀಲಮ್ಮ ಕಾರ್ಡನ್ನು ತಿರುಗಿಸಿ ಮತ್ತೊಮ್ಮೆ ನಂಬರ್ ನೋಡಿಕೊಂಡಳು. ಸರಿಯಾಗಿತ್ತು. ಸರ್ಕಾರದ ಕೆಲಸವನ್ನು ಈ ದನಿಯಲ್ಲೂ ಮಾಡಬಹುದು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಆಕೆ ಯಾರನ್ನೂ ಕೇಳಿರಲೂ ಇಲ್ಲ.

ಹುಡುಗಿ ಒಂದೊಂದೇ ಕೇಳಿದಳು. ಆ ಕಡೆ ಕೀಲಿಮಣೆಯ ಸದ್ದು ಕೇಳುತ್ತಿತ್ತು. ಹಣ ಯಾವ ಖಾತೆಗೆ ಹೋಯಿತು, ಏನು ಹೇಳಿ ಕೇಳಿದ, ಕ್ಯಾಮೆರಾದಲ್ಲಿ ಏನು ಕಂಡಿತು. ಹಣದ ಒಂದು ಭಾಗ ಇನ್ನೂ ಆ ಖಾತೆಯಲ್ಲೇ ಇರುವಂತಿದೆ, ಪೂರ್ತಿ ಸಿಗುತ್ತದೆ ಎಂದು ಮಾತು ಕೊಡಲಾರೆ ಎಂದಳು. ಕಣ್ಣಿನ ಆಪರೇಷನ್‌ನ ಹಣ ಎಂದು ಸೀಲಮ್ಮ ಹೇಳಿದಾಗ ಅದನ್ನೂ ಬರೆದುಕೊಂಡಳು.

“ಅವನು ಮೊದಲು ನಿಮ್ಮ ನಾದಿನಿಯವರಿಗೆ ಫೋನ್ ಮಾಡಿದ್ದ ಅಂದ್ರಲ್ಲ. ಆ ವಿಷಯ ಅವರು ನಿಮಗೆ ಆಗಲೇ ಯಾಕೆ ಹೇಳಲಿಲ್ಲ ಅಮ್ಮಾ?”

ಫೋನಿನ ಸ್ಪೀಕರ್ ಹಾಕಿತ್ತು. ನಾದಿನಿ ಜಾರಿಬಿದ್ದ ಸಮವಸ್ತ್ರದ ತೋಳನ್ನು ಎತ್ತಿಕೊಂಡು ಮಡಿಸುತ್ತ ಬಿಚ್ಚುತ್ತ ಇದ್ದಳು, ತಲೆ ಎತ್ತಲಿಲ್ಲ. ಅವಳಿಗೆ ಬುದ್ಧಿ ಸಾಲದು ಎಂದರೆ ಸಾಕಿತ್ತು. ಆ ಹುಡುಗಿ ನಂಬುತ್ತಿದ್ದಳು, ನಾದಿನಿಯೂ ಎದುರಾಡುತ್ತಿರಲಿಲ್ಲ.

“ನಾನು ಬೈತೀನಿ ಅಂತ,” ಎಂದಳು ಸೀಲಮ್ಮ.

ಈ ಸಲ ಆ ಕಡೆ ಕೀಲಿಮಣೆಯ ಸದ್ದಾಗಲಿಲ್ಲ. “ಇರಲಿ ಬಿಡಿ ಅಮ್ಮಾ. ದೂರಿಗೆ ಅದೇನೂ ಬೇಕಾಗಲ್ಲ.”

“ಬೇಕು,” ಎಂದಳು ಸೀಲಮ್ಮ. “ಬರ್ಕೊಳ್ಳಿ.”